ಬೆಕ್ಕಿನ ಹೊಟ್ಟೆ ಯಾಕೆ ಸರಿಹೋಗ್ತಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಬೆಕ್ಕು ಪುಟ್ಟಿಗೆ ಒಂದೂವರೆ ವರ್ಷ ಹೊಟ್ಟೆ ಸರಿಯಿರಲಿಲ್ಲ. ಕಾರಣ ಗೊತ್ತಾಗುವಷ್ಟರಲ್ಲಿ 4.1 ಕಿಲೋ ಇದ್ದವಳು 3.3 ಕಿಲೋಗೆ ಇಳಿದಿದ್ದಳು. ಆಮೇಲಿಂದ ಬೆಕ್ಕು ಸಾಕಿದವರು ಯಾರು ಸಿಕ್ಕಿದರೂ ನಮ್ಮ ಮಾತು ವಾಂತಿ, ಭೇದಿಗೇ ಬಂದು ನಿಲ್ಲುತ್ತದೆ. ಫೋನಿನಲ್ಲಿ, ಪತ್ರದಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ನಾನು ಪಶುವೈದ್ಯೆ ಅಲ್ಲ. ಬೆಕ್ಕನ್ನು ಮುಟ್ಟಿ ನೋಡುವ ಡಾಕ್ಟರ ಜಾಗವನ್ನು ಈ ಬರಹ ತುಂಬುವುದಿಲ್ಲ. ಅವರ ಹತ್ತಿರ ಯಾವಾಗ ಹೋಗಬೇಕು, ಏನು ಹೇಳಬೇಕು, ಏನು ಕೇಳಬೇಕು ಅನ್ನುವುದಕ್ಕೆ ಸಹಾಯವಾದರೆ ಸಾಕು.

## ಮೊದಮೊದಲು ಕೇಳುವುದು

ಬೆಕ್ಕು ಅಂದ್ಮೇಲೆ ವಾಂತಿ ಮಾಡೋದು ಮಾಮೂಲಿ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಒಂದೂವರೆ ವರ್ಷ ಹೋಯಿತು. ಬೆಕ್ಕು ಮೈ ನೆಕ್ಕಿಕೊಳ್ಳುವಾಗ ಕೂದಲು ಹೊಟ್ಟೆಗೆ ಹೋಗುತ್ತದೆ. ಹೆಚ್ಚಿನದು ಮಲದಲ್ಲಿ ಹೊರಗೆ ಬರುತ್ತದೆ. ಅಪರೂಪಕ್ಕೆ ಒಂದು ಕೂದಲುಂಡೆ ಕಾರಿದರೆ ಚಿಂತೆ ಬೇಡ. ಆದರೆ ವಾರಕ್ಕೊಂದು ವಾಂತಿ ಮಾಮೂಲಿ ಅಲ್ಲ, ಅದರಲ್ಲಿ ಕೂದಲಿದ್ದರೂ ಅಲ್ಲ. ಕರುಳು ಸರಿಯಾಗಿ ಕೆಲಸ ಮಾಡದೆ ಕೂದಲು ಮುಂದೆ ಸಾಗದೇ ಇದ್ದಾಗಲೂ ಉಂಡೆಗಳು ಜಾಸ್ತಿಯಾಗುತ್ತವೆ. ವಾಂತಿಯೋ ಭೇದಿಯೋ ಬಿಟ್ಟು ಬಿಟ್ಟು ಮೂರು ವಾರ ದಾಟಿದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ ತೊಂದರೆ ಅಂತ ಲೆಕ್ಕ ಹಾಕುತ್ತಾರೆ. ನೀವೂ ಹಾಗೇ ಲೆಕ್ಕ ಹಾಕಿ.

ಗರಿಕೆ ತಿಂದು ವಾಂತಿ ಮಾಡ್ತು. ಹೊಟ್ಟೆ ಕೆಟ್ಟಿದೆ ಅಂತ ತಾನೇ ಮದ್ದು ಹುಡುಕ್ಕೊಂಡು ಹೋಗಿದ್ದಾ?

ಆರೋಗ್ಯವಾಗಿರುವ ಬೆಕ್ಕುಗಳೂ ಹುಲ್ಲು ತಿನ್ನುತ್ತವೆ. ಹುಲ್ಲು ಕಚ್ಚಿದ್ದನ್ನೇ ರೋಗದ ಲಕ್ಷಣ ಅಂದುಕೊಳ್ಳಬೇಡಿ. ಕೀಟನಾಶಕ ಹೊಡೆದ ಹುಲ್ಲಾಗಿರಬಾರದು ಅಷ್ಟೆ. ಗಿಡಗಳಲ್ಲಿ ನಿಜವಾಗಿ ಹೆದರಬೇಕಾದ್ದು ಲಿಲ್ಲಿ ಹೂವಿಗೆ. ಬೊಕೆಯಲ್ಲಿ ಬರುವ ಲಿಲ್ಲಿಯ ಎಲೆ, ದಳ, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿಯನ್ನು ಕೆಡಿಸಬಲ್ಲದು. ಶುರುವಿನಲ್ಲಿ ಬರೀ ವಾಂತಿ ಕಾಣುತ್ತದೆ. ಲಿಲ್ಲಿ ಕಚ್ಚಿದ್ದು ಕಂಡರೆ ಲಕ್ಷಣಕ್ಕೆ ಕಾಯದೆ ಹೊರಡಿ.

ಚಿಕ್ಕಂದಿನಿಂದ ಹಾಲು ಕುಡ್ಕೊಂಡೇ ಬೆಳೆದಿದೆ. ಈಗ ಹಾಲಿಂದ ಭೇದಿ ಹೇಗೆ ಆಗತ್ತೆ?

ಮರಿಯಾಗಿದ್ದಾಗ ಹಾಲಿನ ಸಕ್ಕರೆಯನ್ನು, ಅಂದರೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಅದರ ಕರುಳಿನಲ್ಲಿ ಬೇಕಾದಷ್ಟು ಇರುತ್ತದೆ. ತಾಯಿ ಹಾಲು ಬಿಟ್ಟ ಮೇಲೆ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ನೀರನ್ನು ಎಳೆದುಕೊಳ್ಳುತ್ತದೆ, ಹುಳಿಯುತ್ತದೆ. ಅದೇ ಭೇದಿ, ಹೊಟ್ಟೆಯ ಗುಡುಗುಡು. ಕೆಲವು ಬೆಕ್ಕುಗಳಿಗೆ ಒಂದು ಒಳಲೆ ಹಾಲು ಒಗ್ಗುತ್ತದೆ, ಕೆಲವಕ್ಕೆ ಎರಡು ಚಮಚವೂ ಒಗ್ಗದು. ಖರ್ಚಿಲ್ಲದ ಮೊದಲ ಪರೀಕ್ಷೆ ಇದೇ: ಹತ್ತು ದಿನ ಹಾಲು ಪೂರ್ತಿ ನಿಲ್ಲಿಸಿ. ಮನೆಯವರೆಲ್ಲ ಒಪ್ಪಬೇಕು, ಕಾಫಿ ಸೋಸುವಾಗ ತಟ್ಟೆಗೆ ಸುರಿಯುವ ಆ ಒಂದು ಗುಟುಕೂ ಸೇರಿ.

ತಿಂದ ತಕ್ಷಣ ಹಾಗೇ ಹೊರಗೆ ಹಾಕತ್ತೆ, ಉದ್ದಕ್ಕೆ ಕೊಳವೆ ಥರ. ಇದೂ ವಾಂತಿನೇನಾ?

ಅಲ್ಲದೆ ಇರಬಹುದು. ವಾಂತಿಗೆ ಮುಂಚೆ ಬೆಕ್ಕು ನಾಲಿಗೆ ಸವರಿಕೊಳ್ಳುತ್ತದೆ, ಒಂದು ಥರ ಕೂಗುತ್ತದೆ, ಹೊಟ್ಟೆ ಒಳಗೆ ಹೊರಗೆ ಆಡುತ್ತದೆ. ಇದ್ಯಾವುದೂ ಇಲ್ಲದೆ, ತಲೆ ಬಗ್ಗಿಸಿದ ಕೂಡಲೇ ಜೀರ್ಣವಾಗದ ಆಹಾರ ಜಾರಿ ಬಿದ್ದರೆ ಅದು ಅನ್ನನಾಳದಿಂದಲೇ ವಾಪಸ್ಸು ಬಂದದ್ದು. ಅವಸರವಾಗಿ ನುಂಗುವ ಬೆಕ್ಕುಗಳಲ್ಲಿ, ಪಕ್ಕದಲ್ಲಿ ಇನ್ನೊಂದು ಬೆಕ್ಕು ನಿಂತು ನೋಡುತ್ತಿರುವಾಗ, ಹೀಗಾಗುತ್ತದೆ. ಬೇರೆ ಕೋಣೆಯಲ್ಲಿ ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ ನೋಡಿ.

ಇತ್ತೀಚೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ದಿರಾ ಅನ್ನುವುದನ್ನೂ ನೆನಪು ಮಾಡಿಕೊಳ್ಳಿ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಟ್ಟು, ಆ ಜಾಗ ಗಾಯವಾಗಿ ಕಿರಿದಾಗಬಲ್ಲದು. ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ ಐದಾರು ಎಂಎಲ್ ನೀರು ಕೊಡಬೇಕು. ಈ ಮಾತನ್ನು ಯಾರೂ ಹೇಳದೆ ಎಷ್ಟೋ ಬೆಕ್ಕುಗಳು ಕಷ್ಟಪಟ್ಟಿವೆ.

ಇಂಥದ್ದು ಕಂಡಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನಿಮ್ಮ ಹತ್ತು ನಿಮಿಷದ ವಿವರಣೆಗಿಂತ ಡಾಕ್ಟರಿಗೆ ಅದು ಜಾಸ್ತಿ ಹೇಳುತ್ತದೆ.

ರಾತ್ರಿಯಾದ್ರೂ ಎದ್ದು ಓಡಬೇಕಾದ್ದು ಯಾವಾಗ?

ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ಕೂತು ತಿಣುಕುತ್ತಿದ್ದರೆ ಇದನ್ನು ಮೊದಲು ಓದಿ. ಮನೆಯವರು ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಹುಡುಕುತ್ತಾರೆ. ಬಹಳ ಸಲ ಅದು ಮೂತ್ರ ಕಟ್ಟಿದ್ದು. ಮೂತ್ರದ ನಾಳ ಮುಚ್ಚಿದರೆ ವಿಷ ರಕ್ತಕ್ಕೇರಿ ವಾಂತಿ ಶುರುವಾಗುತ್ತದೆ, ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಮರಳು ಒದ್ದೆಯಾಗಿದೆಯಾ ನೋಡಿ. ಒಣಗಿದ್ದರೆ ಬೆಳಗಿನ ತನಕ ಕಾಯಬೇಡಿ.

ಕುಡಿದ ನೀರೂ ನಿಲ್ಲದಷ್ಟು ವಾಂತಿ, ವಾಂತಿಯಲ್ಲೋ ಮಲದಲ್ಲೋ ರಕ್ತ, ಟಾರಿನಂಥ ಕಪ್ಪು ಮಲ, ವಸಡು ಅಥವಾ ಕಿವಿಯ ಒಳಭಾಗ ಹಳದಿಯಾಗಿರುವುದು, ಬಾಯಿ ತೆರೆದು ಉಸಿರಾಡುವುದು, ಉಬ್ಬಿದ ಹೊಟ್ಟೆ, ಮರಿಗೆ ವಾಂತಿ ಭೇದಿ ಜೊತೆಗೇ ಬಂದದ್ದು, ಇವಕ್ಕೂ ಕಾಯುವ ಹಾಗಿಲ್ಲ.

## ಮನೆಯೊಳಗಿನ ಮಾತು

ಮಲ್ಲಿಗೆ ದಾರ ನುಂಗಿದೆ. ಬಾಲದ ಕೆಳಗೆ ತುದಿ ಕಾಣ್ತಿದೆ. ಎಳೀಲಾ?

ಬೇಡ, ದಯವಿಟ್ಟು ಎಳೆಯಬೇಡಿ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಒಮ್ಮೆ ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುತ್ತಾ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಬಾಯಲ್ಲೋ ಸಿಕ್ಕಿ, ಇನ್ನೊಂದು ತುದಿ ಮುಂದೆ ಸಾಗಿದರೆ ಕರುಳು ಆ ದಾರದ ಮೇಲೆ ಲಂಗದ ನೆರಿಗೆಯ ಹಾಗೆ ಮುದುಡಿಕೊಳ್ಳುತ್ತದೆ. ಎಳೆದರೆ ದಾರ ಗರಗಸದಂತೆ ಕರುಳನ್ನು ಸೀಳುತ್ತದೆ. ಹೊರಗೆ ಕಾಣುವ ತುದಿಯನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಹೋಗಿ.

ನಮ್ಮ ಮನೆಗಳಲ್ಲಿ ಈ ಅಪಾಯ ಜಾಸ್ತಿ. ದೇವರ ಮನೆಯಲ್ಲಿ ಒಣಗಿದ ಹೂವಿನ ದಾರ, ಗಾಳಿಪಟದ ಮಾಂಜಾ, ಸೂಜಿಯ ಜೊತೆಗೇ ಬಿಟ್ಟ ನೂಲು, ತಲೆಕೂದಲಿನ ರಬ್ಬರ್ ಬ್ಯಾಂಡ್. ಹಬ್ಬದ ಮಾರನೇ ದಿನ ಬೆಕ್ಕು ಮಂಕಾಗಿ ವಾಂತಿ ಶುರುಮಾಡಿದರೆ ಡಾಕ್ಟರಿಗೆ ದಾರದ ವಿಷಯ ಹೇಳಿ. ನಾಲಿಗೆ ಎತ್ತಿ ನೋಡುತ್ತಾರೆ.

ನಾವು ತಗೊಳ್ಳೋ ಮಾತ್ರೆನೇ ಕಾಲು ಭಾಗ ಕೊಟ್ರೆ ಆಗಲ್ವಾ?

ಆಗಲ್ಲ. ನಮ್ಮ ಲಿವರ್ ಅನೇಕ ಔಷಧಿಗಳಿಗೆ ಒಂದು ಸಕ್ಕರೆಯಂಥ ಅಂಶವನ್ನು ಅಂಟಿಸಿ ಮೂತ್ರದಲ್ಲಿ ಕಳಿಸುತ್ತದೆ. ಬೆಕ್ಕಿನ ಲಿವರಿಗೆ ಆ ಶಕ್ತಿ ಬಹಳ ಕಡಿಮೆ. ಹಾಗಾಗಿ ಪ್ಯಾರಾಸಿಟಮಾಲಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಐಬುಪ್ರೊಫೆನ್, ಆಸ್ಪಿರಿನ್ ಕೂಡ ಬೇಡ. ಭೇದಿ ನಿಲ್ಲಿಸಲು ನಾವು ನುಂಗುವ ಲೋಪೆರಮೈಡ್ ಕೂಡ ಕೇಳದೆ ಬೇಡ. ಕೊಟ್ಟುಬಿಟ್ಟಿದ್ದರೆ ಮುಚ್ಚಿಡಬೇಡಿ. ಮಾತ್ರೆಯ ಹೆಸರು, ಎಷ್ಟು ಹೊತ್ತಿಗೆ ಕೊಟ್ಟಿರಿ ಅಂತ ಡಾಕ್ಟರಿಗೆ ನೇರವಾಗಿ ಹೇಳಿ. ಪ್ಯಾರಾಸಿಟಮಾಲಿಗೆ ಬೇಗ ಹೋದರೆ ಮದ್ದಿದೆ.

ಹೊಟ್ಟೆಗೆ ರೆಸ್ಟ್ ಕೊಡೋಣ ಅಂತ ಎರಡು ದಿನ ಉಪವಾಸ ಹಾಕಬಹುದಾ?

ಬೆಕ್ಕಿಗೆ ಲಂಘನ ಒಗ್ಗುವುದಿಲ್ಲ. ಎರಡು ಮೂರು ದಿನ ಹೊಟ್ಟೆಗೆ ಬೀಳದಿದ್ದರೆ ಮೈಯ ಕೊಬ್ಬು ಲಿವರಿಗೆ ಬಂದು ತುಂಬಿಕೊಳ್ಳುತ್ತದೆ, ಲಿವರ್ ಸೋಲುತ್ತದೆ. ದಪ್ಪಗಿರುವ ಬೆಕ್ಕಿಗೆ ಇದು ಇನ್ನೂ ಬೇಗ. ಮೊದಲಿದ್ದ ಕಾಯಿಲೆ ಸಣ್ಣದು, ಉಪವಾಸದಿಂದ ಬಂದದ್ದೇ ದೊಡ್ಡದು ಅನ್ನುವ ಹಾಗಾಗುತ್ತದೆ. ದೊಡ್ಡ ಬೆಕ್ಕು ಒಂದು ಪೂರ್ತಿ ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಿ. ಮರಿಯಾದರೆ ಅಷ್ಟೂ ಕಾಯಬೇಡಿ.

ತಿನ್ನುತ್ತಿದೆ, ಚುರುಕಾಗಿದೆ, ಬರೀ ಮಲ ಸಡಿಲ ಅನ್ನುವುದಾದರೆ ಎರಡು ಮೂರು ದಿನ ಬೇಯಿಸಿದ ಕೋಳಿ ಕೊಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ, ಚರ್ಮ, ಮೂಳೆ ಏನೂ ಬೇಡ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಎರಡು ತುತ್ತು ತಿಂದರೆ ಸಾಕು ಅಂದುಕೊಳ್ಳಬೇಡಿ. ಬರೀ ಕೋಳಿ ತುಂಬಾ ದಿನದ ಊಟವೂ ಅಲ್ಲ, ಅದರಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇಲ್ಲ.

ಓಮದ ನೀರು, ಮೊಸರು, ಬೆಳ್ಳುಳ್ಳಿ... ಮನೆಮದ್ದಲ್ಲಿ ಯಾವುದು ಒಳ್ಳೇದು?

ಮಗುವಿಗೆ ಒಳ್ಳೆಯದು ಬೆಕ್ಕಿಗೂ ಒಳ್ಳೆಯದು ಅನ್ನುವ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಓಮದಲ್ಲಿರುವ ಥೈಮಾಲ್ ಫೀನಾಲ್ ಜಾತಿಗೆ ಸೇರಿದ್ದು, ಬೆಕ್ಕಿಗೆ ಅರಗಿಸಿಕೊಳ್ಳಲು ಕಷ್ಟ. ಹುಳಕ್ಕೆ ಅಂತ ಬೆಳ್ಳುಳ್ಳಿ ಕೊಟ್ಟರೆ ಕೆಂಪು ರಕ್ತಕಣ ಒಡೆಯುತ್ತದೆ. ಹರಳೆಣ್ಣೆ ಬೇಡವೇ ಬೇಡ. ಒಂದು ಚಮಚ ಮೊಸರಿನಿಂದ ಹಾನಿ ಆಗದಿರಬಹುದು, ಆದರೆ ಅದು ಚಿಕಿತ್ಸೆ ಅಲ್ಲ. ಮಲ ಗಟ್ಟಿಯಾಗಿ ಕಷ್ಟಪಡುವ ಬೆಕ್ಕಿಗೆ ಬೇಯಿಸಿ ಮಸೆದ ಸಿಹಿಗುಂಬಳ ಒಂದು ಚಮಚ ಊಟದ ಜೊತೆ ಕೊಡಬಹುದು.

ನಮ್ಮನೇಲಿ ಮಾಂಸ ತರಲ್ಲ. ಮೊಸರನ್ನ ತಿಂದೇ ದೊಡ್ಡದಾಗಿದೆ. ಅದರಿಂದ ಹೊಟ್ಟೆ ಕೆಡತ್ತಾ?

ಹೊಟ್ಟೆಗಿಂತ ದೊಡ್ಡ ವಿಷಯ ಇದು. ಹೊರಗೆ ಇಲಿ, ಹಕ್ಕಿ ಹಿಡಿದು ತಿನ್ನುವ ಬೆಕ್ಕು ಮೊಸರನ್ನದ ಮನೆಯಲ್ಲೂ ಬದುಕುತ್ತದೆ. ಬಾಗಿಲು ಹಾಕಿ ಅಪಾರ್ಟ್‌ಮೆಂಟಿನಲ್ಲಿ ಸಾಕಿದಾಗ ಆ ದಾರಿ ಮುಚ್ಚುತ್ತದೆ. ಟಾರಿನ್ ಅನ್ನುವ ಅಂಶ ಬೆಕ್ಕಿಗೆ ಮಾಂಸದಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಕಣ್ಣು ಕೆಡುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಆ ಕಾಯಿಲೆಗೆ ಟಾರಿನ್ ಕೊರತೆ ಕಾರಣ ಅಂತ 1987ರಲ್ಲಿ ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಜೊತೆಗಾರರು ತೋರಿಸಿದ ಮೇಲೆ ಬೆಕ್ಕಿನ ಆಹಾರದ ಕಂಪನಿಗಳು ಟಾರಿನ್ ಹೆಚ್ಚಿಸಿದವು. ಅಡುಗೆಮನೆಗೆ ಮಾಂಸ ತರಲು ಮನಸ್ಸಿಲ್ಲದಿದ್ದರೆ ಬೆಕ್ಕಿಗೆಂದೇ ಮಾಡಿದ ಒಣ ಆಹಾರದ ಚೀಲ ತಂದು ಬೇರೆ ಡಬ್ಬದಲ್ಲಿಡಿ. ಅನೇಕ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಹೊಸ ಆಹಾರವನ್ನು ಏಳರಿಂದ ಹತ್ತು ದಿನ ಹಳೆಯದರ ಜೊತೆ ಬೆರೆಸುತ್ತಾ ಬದಲಾಯಿಸಿ. ಒಂದೇ ದಿನ ಬದಲಾಯಿಸಿದರೆ ಅದಕ್ಕೇ ಭೇದಿಯಾಗುತ್ತದೆ.

ಏನೂ ಬದಲಾಗಿಲ್ಲ, ಆದ್ರೂ ಹೊಟ್ಟೆ ಕೆಟ್ಟಿದೆ. ಎಲ್ಲಿಂದ ಹುಡುಕೋದು?

ಒಂದು ನೋಟ್‌ಬುಕ್ಕಿನಿಂದ. ನನಗೆ ಇಷ್ಟು ದಿನದಲ್ಲಿ ಸಿಕ್ಕ ಅತಿ ಒಳ್ಳೆಯ ಸಲಹೆ ಇದೇ. ದಿನಾಂಕ, ವಾಂತಿಯೋ ಭೇದಿಯೋ, ಎಷ್ಟು ಹೊತ್ತಿಗೆ, ಊಟವಾಗಿ ಎಷ್ಟು ಹೊತ್ತಿಗೆ, ಬಣ್ಣ ಹೇಗಿತ್ತು, ಆ ದಿನ ಬಾಯಿಗೆ ಹೋದದ್ದು ಏನೇನು. "ಏನೂ ಬದಲಾಗಿಲ್ಲ" ಅಂದ ನನಗೆ ಎರಡು ವಾರ ಬರೆದ ಮೇಲೆ ಗೊತ್ತಾದದ್ದು: ಆಹಾರದ ಹೊಸ ಚೀಲ ಒಡೆದಿದ್ದೆವು, ಪಕ್ಕದ ಮನೆಯ ಅಜ್ಜಿ ದಿನಾ ಮಧ್ಯಾಹ್ನ ಬಂಗುಡೆ ತಲೆ ಹಾಕುತ್ತಿದ್ದರು, ನೆಲ ಒರೆಸುವ ಫಿನಾಯಿಲ್ ಬದಲಾಗಿತ್ತು.

ಫಿನಾಯಿಲ್ ಬಗ್ಗೆ ಒಂದು ಮಾತು. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಘಾಟು ವಾಸನೆಯ ಫಿನಾಯಿಲ್‌ಗಳಲ್ಲಿ ಹಲವು ಬೆಕ್ಕಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುವಾಗ ಅದು ಹೊಟ್ಟೆಗೆ ಹೋಗುತ್ತದೆ. ಬಾಯಿಯಲ್ಲಿ ಜೊಲ್ಲು, ವಾಂತಿ ಕಾಣುತ್ತದೆ. ಬೆಕ್ಕಿರುವ ಮನೆಯಲ್ಲಿ ಸೋಪಿನ ನೀರು ಸಾಕು.

ಇನ್ನು ತೂಕ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿ ಬರೆಯಿರಿ. ನೀವು ಬೆಕ್ಕನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ಲೆಕ್ಕದಲ್ಲಿ ಸಣ್ಣ ಇಳಿತ ಗೊತ್ತಾಗುವುದಿಲ್ಲ. ಮಕ್ಕಳನ್ನು ತೂಗುವ ತಕ್ಕಡಿ ಒಳ್ಳೆಯದು. ನಾಲ್ಕು ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಅದು ಮೈತೂಕದ ಹತ್ತನೇ ಒಂದು ಭಾಗ. ದಿನಾ ನೋಡುವ ಕಣ್ಣಿಗೆ, ಅದರಲ್ಲೂ ಕೂದಲು ಜಾಸ್ತಿ ಇರುವ ಬೆಕ್ಕಿನಲ್ಲಿ, ಅದು ಕಾಣುವುದೇ ಇಲ್ಲ.

## ಡಾಕ್ಟರ ಹತ್ತಿರ

ಜಂತುಹುಳದ ಔಷಧಿ ಕೊಟ್ಟಾಯ್ತು. ಹುಳ ಅಲ್ಲ ಅಂತ ಆಯ್ತಲ್ವಾ?

ಒಂದು ಔಷಧಿ ಎಲ್ಲ ಹುಳಕ್ಕೂ ಆಗುವುದಿಲ್ಲ. ದುಂಡುಹುಳ, ಕೊಕ್ಕೆಹುಳಕ್ಕೆ ಕೊಡುವ ಪೈರಾಂಟೆಲ್ ಲಾಡಿಹುಳಕ್ಕೆ ಕೆಲಸ ಮಾಡುವುದಿಲ್ಲ, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ಬಾಲದ ಸುತ್ತ ಒಣಗಿದ ಅಕ್ಕಿಕಾಳಿನಂಥದ್ದು ಕಂಡರೆ ಅದು ಲಾಡಿಹುಳದ ತುಂಡು. ಅದು ಹೆಚ್ಚಾಗಿ ಚಿಗಟ ನುಂಗುವುದರಿಂದ ಬರುತ್ತದೆ. ಚಿಗಟ ಹೋಗದೆ ಲಾಡಿಹುಳ ಹೋಗದು.

ಜಿಯಾರ್ಡಿಯಾ, ಕಾಕ್ಸಿಡಿಯಾ ಹುಳಗಳೇ ಅಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿಗಳು. ಮಾಮೂಲಿ ಹುಳದ ಮಾತ್ರೆಗೆ ಅವು ಬಗ್ಗುವುದಿಲ್ಲ. ತುಂಬ ಬೆಕ್ಕುಗಳಿದ್ದ ಜಾಗದಿಂದ ತಂದ ಎಳೆಯ ಬೆಕ್ಕಿಗೆ ವಾಸನೆಯ ಸಡಿಲ ಭೇದಿ ತಿಂಗಳುಗಟ್ಟಲೆ ಬಿಡದಿದ್ದರೆ ಟ್ರೈಟ್ರೈಕೊಮೊನಾಸ್ ಅನ್ನುವ ಇನ್ನೊಂದು ಜೀವಿಯನ್ನೂ ಹುಡುಕಬೇಕು. ಎಲ್ಲರೂ ಮೊದಲು ಕೊಡುವ ಮೆಟ್ರೊನಿಡಜೋಲ್ ಅದನ್ನು ತೆಗೆಯುವುದಿಲ್ಲ. ಮಲದ ಪರೀಕ್ಷೆಗೆ ಒಂದೇ ದಿನದ್ದಲ್ಲ, ಮೂರು ದಿನದ ಮಾದರಿ ಕೊಡಿ. ಜಿಯಾರ್ಡಿಯಾ ದಿನಾ ಹೊರಬರುವುದಿಲ್ಲ.

ಸಣ್ಣ ಕರುಳಿಂದಾ ದೊಡ್ಡ ಕರುಳಿಂದಾ ಅಂತ ಡಾಕ್ಟರ್ ಕೇಳಿದ್ರು. ನಂಗೆ ಹೇಗೆ ಗೊತ್ತಾಗಬೇಕು?

ಮರಳಿನ ತಟ್ಟೆ ನೋಡಿ. ದಿನಕ್ಕೆ ಒಂದೆರಡು ಸಲ, ಆದರೆ ತುಂಬಾ ನೀರಾಗಿ, ಜೊತೆಗೆ ತೂಕವೂ ಇಳಿಯುತ್ತಿದ್ದರೆ ಸಣ್ಣ ಕರುಳಿನ ಕಡೆ ನೋಡುತ್ತಾರೆ. ಮತ್ತೆ ಮತ್ತೆ ಓಡಿ ಚಮಚದಷ್ಟು ಮಾಡುವುದು, ಲೋಳೆ, ಕೊನೆಯಲ್ಲಿ ಕೆಂಪು ರಕ್ತದ ಗೆರೆ, ತಿಣುಕುವುದು ಇದ್ದರೆ ದೊಡ್ಡ ಕರುಳು. ಎರಡೂ ಸೇರಿಕೊಂಡಿರುವುದೂ ಉಂಟು.

ಹಲ್ಲಿ ತಿಂದ್ರೆ ಬೆಕ್ಕು ಸೊರಗತ್ತೆ ಅಂತ ಅಜ್ಜಿ ಹೇಳ್ತಿದ್ರು. ನಿಜಾನಾ?

ಅಜ್ಜಿ ಸರಿಯಾಗೇ ಹೇಳಿದ್ದಾರೆ. ಬಿಸಿ ಮತ್ತು ತೇವದ ನಾಡುಗಳಲ್ಲಿ ಪ್ಲಾಟಿನೊಸೊಮಮ್ ಅನ್ನುವ ಲಿವರಿನ ಹುಳ ಇದೆ. ಅದರ ಬದುಕು ಬಸವನಹುಳುವಿನಲ್ಲಿ ಶುರುವಾಗಿ, ತೇವದ ನೆಲದ ಸಣ್ಣ ಹುಳುಗಳಿಗೆ ಹೋಗಿ, ಅವನ್ನು ತಿಂದ ಹಲ್ಲಿಗೆ ಬಂದು, ಹಲ್ಲಿ ತಿಂದ ಬೆಕ್ಕಿನ ಪಿತ್ತನಾಳದಲ್ಲಿ ಮುಗಿಯುತ್ತದೆ. ಕಡಿಮೆ ಇದ್ದರೆ ಏನೂ ತಿಳಿಯದು. ಜಾಸ್ತಿಯಾದರೆ ವಾಂತಿ, ಊಟ ಬಿಡುವುದು, ಇಳಿಯುವುದು, ಕಾಮಾಲೆ. ಕರಾವಳಿ, ಮಲೆನಾಡಿನ ಕಡೆಯವರು, ಬೆಕ್ಕು ಹಲ್ಲಿ ಹಿಡಿಯುವ ಅಭ್ಯಾಸದ್ದಾದರೆ, ಕೇಳದಿದ್ದರೂ ಡಾಕ್ಟರಿಗೆ ಹೇಳಿ. ಇದಕ್ಕೆ ಪ್ರಾಜಿಕ್ವಾಂಟೆಲನ್ನೇ ಕೊಡುತ್ತಾರೆ, ಆದರೆ ಲಾಡಿಹುಳಕ್ಕೆ ಕೊಡುವ ಪ್ರಮಾಣ ಸಾಲುವುದಿಲ್ಲ.

ಎರಡು ತಿಂಗಳ ಮರಿ. ನಿನ್ನೆ ಆಡ್ತಿತ್ತು, ಇವತ್ತು ವಾಂತಿ, ಮಂಕು. ಏನೋ ತಿಂದಿರಬೇಕು ಅಲ್ವಾ?

ಲಸಿಕೆ ಆಗದ ಮರಿಯಾದರೆ ಪ್ಯಾನ್‌ಲ್ಯುಕೋಪೀನಿಯಾ ಅಂತ ಅಂದುಕೊಂಡೇ ಹೊರಡಿ. ಇದು ಬೆಕ್ಕಿನ ಪಾರ್ವೋ ವೈರಸ್. ಕರುಳಿನ ಒಳಪದರವನ್ನೂ ಬಿಳಿ ರಕ್ತಕಣಗಳನ್ನೂ ಒಟ್ಟಿಗೇ ನಾಶಮಾಡುತ್ತದೆ. ನೀರಿನ ಬಟ್ಟಲಿನ ಮುಂದೆ ತಲೆ ಬಗ್ಗಿಸಿ ಕೂತು, ಕುಡಿಯದೆ ಇರುವ ಮರಿಯನ್ನು ನೋಡಿದವರಿಗೆ ಅದು ಮರೆಯುವುದಿಲ್ಲ. ವೈರಸ್ಸಿಗೆ ನೇರ ಮದ್ದಿಲ್ಲ. ಡ್ರಿಪ್, ವಾಂತಿ ತಡೆಯುವ ಇಂಜೆಕ್ಷನ್, ಆಂಟಿಬಯಾಟಿಕ್ ಕೊಟ್ಟು ದಿನ ದಾಟಿಸಬೇಕು. ಬೇಗ ಹೋದ ಮರಿಗಳು ಉಳಿದಿರುವುದನ್ನು ನಾನೇ ಕಂಡಿದ್ದೇನೆ.

ಆ ಮನೆಯಲ್ಲಿ ವೈರಸ್ ಒಂದು ವರ್ಷದವರೆಗೂ ಉಳಿಯಬಲ್ಲದು. ಸ್ಯಾನಿಟೈಸರಿಗೆ ಸಾಯುವುದಿಲ್ಲ. ಒಂದು ಪಾಲು ಬ್ಲೀಚ್‌ಗೆ 32 ಪಾಲು ನೀರು ಬೆರೆಸಿ, ತೊಳೆದ ನೆಲದ ಮೇಲೆ ಹತ್ತು ನಿಮಿಷ ಬಿಟ್ಟು, ಮತ್ತೆ ತೊಳೆಯಬೇಕು. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ಹದಿನಾರು ವಾರ ತುಂಬುವ ತನಕ.

ಹನ್ನೆರಡು ವರ್ಷದ ಬೆಕ್ಕು. ಮೊದಲಿಗಿಂತ ಜಾಸ್ತಿ ತಿನ್ನತ್ತೆ, ಆದ್ರೂ ಇಳಿದುಹೋಗ್ತಿದೆ. ವಯಸ್ಸಾಯ್ತು ಅಂತ ಬಿಡಬೇಕಾ?

ಬಿಡಬೇಡಿ. ತಿಂದೂ ಇಳಿಯುವ ಮುದಿ ಬೆಕ್ಕಿಗೆ ಮೊದಲು ಥೈರಾಯ್ಡ್ ನೋಡಬೇಕು. ಟಿ4 ಅನ್ನುವ ಒಂದು ರಕ್ತಪರೀಕ್ಷೆ. ಥೈರಾಯ್ಡ್ ಜಾಸ್ತಿಯಾದ ಬೆಕ್ಕಿಗೆ ವಾಂತಿ, ಭೇದಿ, ರಾತ್ರಿ ಕೂಗಾಟ ಇರುತ್ತದೆ, ಮನೆಯವರು ಹೊಟ್ಟೆಗೆ ಮಾತ್ರ ಮದ್ದು ಮಾಡುತ್ತಿರುತ್ತಾರೆ. ನೀರು ಜಾಸ್ತಿ ಕುಡಿದು, ಮರಳಿನ ಗಡ್ಡೆಗಳು ದೊಡ್ಡದಾಗಿದ್ದರೆ ಕಿಡ್ನಿ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಮೂರಕ್ಕೂ ಔಷಧಿ ಇದೆ, ಮೂರರಲ್ಲೂ ವರ್ಷಗಟ್ಟಲೆ ಬದುಕಿದ ಬೆಕ್ಕುಗಳಿವೆ.

ರಕ್ತ, ಎಕ್ಸ್‌ರೇ, ಸ್ಕ್ಯಾನ್ ಎಲ್ಲ ನಾರ್ಮಲ್. ಹಾಗಾದ್ರೆ ಕಾಯಿಲೆನೇ ಇಲ್ವಾ?

ನಾರ್ಮಲ್ ಅಂದರೆ ಕಿಡ್ನಿ, ಲಿವರ್, ಥೈರಾಯ್ಡ್, ಸಕ್ಕರೆ, ಸಿಕ್ಕಿಕೊಂಡ ವಸ್ತು ಇವುಗಳಲ್ಲಿ ಅಲ್ಲ ಅಂತ. ಅದು ದುಡ್ಡು ದಂಡವಾದದ್ದಲ್ಲ, ಹುಡುಕುವ ಜಾಗ ಕಿರಿದಾಯಿತು. ಕರುಳಿನ ಗೋಡೆಯ ದೀರ್ಘಕಾಲದ ಉರಿಯೂತ ಮಾಮೂಲಿ ರಕ್ತಪರೀಕ್ಷೆಯಲ್ಲಿ ಕಾಣದೆ ಇರಬಹುದು. ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಬೆಕ್ಕುಗಳಿಗೇ ಇರುವ ಎಫ್‌ಪಿಎಲ್‌ಐ ಅನ್ನುವ ರಕ್ತಪರೀಕ್ಷೆ ಬೇರೆಯೇ ಇದೆ. ಬೆಕ್ಕಿನಲ್ಲಿ ಪಿತ್ತನಾಳ ಮತ್ತು ಮೇದೋಜೀರಕದ ನಾಳ ಕರುಳಿಗೆ ಸೇರುವ ಜಾಗ ಒಂದೇ. ಅದಕ್ಕೇ ಕರುಳು, ಲಿವರ್, ಮೇದೋಜೀರಕ ಮೂರೂ ಒಟ್ಟಿಗೆ ಕೆಡುವುದು ಬೆಕ್ಕಿನಲ್ಲಿ ಅಪರೂಪವಲ್ಲ.

"ಕಾರಣ ಗೊತ್ತಿಲ್ಲ" ಅನ್ನುವ ಮಾತು ಕೇಳಿದಾಗ ಎದೆ ಕುಸಿಯುತ್ತದೆ. ನನಗೂ ಕುಸಿದಿತ್ತು. ಆದರೆ ಬಹಳ ಸಲ ಅದರ ಅರ್ಥ, ಮುಂದಿನ ಮೆಟ್ಟಿಲು ಇನ್ನೂ ಹತ್ತಿಲ್ಲ ಅಂತಷ್ಟೇ. "ಮುಂದೆ ಏನು ನೋಡೋಣ ಡಾಕ್ಟ್ರೇ?" ಅಂತ ಕೇಳಿ.

ನಮ್ಮೂರಲ್ಲಿ ದನದ ಡಾಕ್ಟರ್ ಮಾತ್ರ ಇರೋದು. ಬೆಕ್ಕನ್ನ ಎಲ್ಲಿಗೆ ಒಯ್ಯಲಿ?

ಮೊದಲು ಅವರ ಹತ್ತಿರವೇ ಹೋಗಿ. ಡ್ರಿಪ್, ವಾಂತಿ ನಿಲ್ಲುವ ಇಂಜೆಕ್ಷನ್, ಮಲದ ಪರೀಕ್ಷೆ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲೂ ಆಗಬಹುದು. ಸ್ಕ್ಯಾನ್, ಎಂಡೋಸ್ಕೋಪಿ ಬೇಕಾದಾಗ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆ ನೆನಪಿಡಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಲ್ಲಿ ಕಾಲೇಜುಗಳಿವೆ. ಹೋಗುವ ಮುಂಚೆ ಫೋನ್ ಮಾಡಿ ಯಾವ ಪರೀಕ್ಷೆ ಯಾವ ದಿನ ಅಂತ ಕೇಳಿಕೊಳ್ಳಿ. ನೋಟ್‌ಬುಕ್, ಹಳೆಯ ರಿಪೋರ್ಟ್‌ಗಳು, ಆಹಾರದ ಚೀಲದ ಫೋಟೋ, ತಾಜಾ ಮಲದ ಡಬ್ಬಿ ಜೊತೆಗಿರಲಿ.

## ತಿಂಗಳುಗಟ್ಟಲೆ ಬಿಡದಿದ್ದಾಗ

ಆಹಾರದ ಅಲರ್ಜಿ ಇರಬಹುದು ಅಂತಾರೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗಲ್ವಾ?

ರಕ್ತದಲ್ಲೋ ಕೂದಲಿನಲ್ಲೋ ಆಹಾರದ ಅಲರ್ಜಿ ಹೇಳುತ್ತೇವೆ ಅನ್ನುವ ಪರೀಕ್ಷೆಗಳನ್ನು ನಂಬಿ ದುಡ್ಡು ಕಳೆಯಬೇಡಿ. ಇದಕ್ಕೆ ಇರುವುದು ಒಂದೇ ದಾರಿ, ಆಹಾರ ಬದಲಿಸಿ ನೋಡುವುದು. ಬೆಕ್ಕು ಹಿಂದೆಂದೂ ತಿನ್ನದ ಮಾಂಸದ ಆಹಾರ ಒಂದು ದಾರಿ. ಇಲ್ಲವೇ ಹೈಡ್ರೊಲೈಸ್ಡ್ ಆಹಾರ, ಅಂದರೆ ಪ್ರೋಟೀನನ್ನು ಮೊದಲೇ ಪುಡಿಪುಡಿಯಾಗಿ ಒಡೆದು, ಮೈ ಗುರುತು ಹಿಡಿಯದ ಹಾಗೆ ಮಾಡಿದ್ದು. ಚರ್ಮದ ಅಲರ್ಜಿಗೆ ಎಂಟು ವಾರ ಕಾಯಬೇಕು. ಹೊಟ್ಟೆಯದಾದರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲೇ ಬದಲಾವಣೆ ಕಾಣುತ್ತದೆ.

ಪುಟ್ಟಿಯ ಕಥೆ ಹೀಗೆ. ಹೈಡ್ರೊಲೈಸ್ಡ್ ಆಹಾರ ಶುರುವಾಗಿ ಹನ್ನೊಂದನೇ ದಿನಕ್ಕೆ ವಾಂತಿ ನಿಂತಿತು. ಹತ್ತೊಂಬತ್ತನೇ ದಿನ ಮತ್ತೆ ಕಾರಿದಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಆಮೇಲೆ ಹುಡುಕಿದರೆ, ಹುಳದ ಮಾತ್ರೆಯನ್ನು ಕೋಳಿಯ ಚೂರಿನಲ್ಲಿಟ್ಟು ನಾನೇ ಕೊಟ್ಟಿದ್ದೆ. ಆ ಒಂದು ಚೂರು ಸಾಕಾಗಿತ್ತು. ಡಾಕ್ಟರು ಹೇಳಿದ ಮಾತು ಇವತ್ತಿಗೂ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದೇನೆ: "ಇದನ್ನು ಬಿಟ್ಟು ಏನೂ ಇಲ್ಲ." ಏನೂ ಅಂದರೆ ಏನೂ. ಬಿಸ್ಕತ್ತಿನ ಚೂರು, ರುಚಿ ಹಾಕಿದ ವಿಟಮಿನ್ ಪೇಸ್ಟ್, ಇನ್ನೊಂದು ಬೆಕ್ಕಿನ ತಟ್ಟೆ, ಪಕ್ಕದ ಮನೆಯ ಮೀನು, ಯಾವುದೂ ಇಲ್ಲ. ಅಜ್ಜಿಯ ಹತ್ತಿರ ಹೋಗಿ ಕೈಹಿಡಿದು ಕೇಳಿಕೊಂಡೆ. ಅವರು ಮೂರು ವಾರ ಕಿಟಕಿಯನ್ನೇ ಮುಚ್ಚಿಟ್ಟರು. ಒಂದು ಆಹಾರಕ್ಕೆ ಜಗ್ಗದಿದ್ದರೆ ಇನ್ನೊಂದು ಬಗೆಯದನ್ನು ನೋಡಿ, ಒಂದೇ ಸೋಲಿಗೆ ಬಿಡಬೇಡಿ.

ಬಿ12 ಇಂಜೆಕ್ಷನ್ ವಾರ ವಾರ ಹಾಕ್ತಿದ್ದಾರೆ. ಸುಮ್ನೆ ಶಕ್ತಿಗೆ ಅಂತಾನಾ?

ಅಲ್ಲ. ಬಿ12 ಹೀರುವ ಜಾಗ ಸಣ್ಣ ಕರುಳಿನ ಕೊನೆಯ ಭಾಗ. ಅಲ್ಲಿ ತೊಂದರೆ ಇದ್ದರೆ ಎಷ್ಟು ಚೆನ್ನಾಗಿ ತಿಂದರೂ ಬಿ12 ಇಳಿಯುತ್ತದೆ. ಬಿ12 ಇಲ್ಲದೆ ಕರುಳಿನ ಪದರ ಮತ್ತೆ ಬೆಳೆಯುವುದಿಲ್ಲ, ಊಟದ ಆಸೆ ಹೋಗುತ್ತದೆ, ಬೇರೆ ಮದ್ದೂ ನಾಟುವುದಿಲ್ಲ. ಸಾಮಾನ್ಯವಾಗಿ ವಾರಕ್ಕೊಂದರಂತೆ ಆರು ವಾರ ಕೊಟ್ಟು, ಆಮೇಲೆ ರಕ್ತದಲ್ಲಿ ಎಷ್ಟಿದೆ ಅಂತ ನೋಡುತ್ತಾರೆ.

ಐಬಿಡಿ ಇಲ್ಲಾಂದ್ರೆ ಲಿಂಫೋಮಾ ಅಂದ್ರು. ಒಂದು ಬಾವು, ಒಂದು ಕ್ಯಾನ್ಸರ್. ಎರಡನ್ನೂ ಒಟ್ಟಿಗೆ ಹೇಗೆ ಹೇಳ್ತಾರೆ?

ಐಬಿಡಿ ಅಂದರೆ ಕರುಳಿನ ಗೋಡೆಯ ದೀರ್ಘಕಾಲದ ಉರಿಯೂತ, ಲಿಂಫೋಮಾ ಕ್ಯಾನ್ಸರ್. ಹೊರಗಿನಿಂದ ಎರಡೂ ಒಂದೇ ಥರ ಇರುತ್ತವೆ. ಸ್ಕ್ಯಾನಿನಲ್ಲಿ ಎರಡರಲ್ಲೂ ಕರುಳಿನ ಗೋಡೆ ದಪ್ಪ ಕಾಣಬಹುದು. ಬಯಾಪ್ಸಿಯಲ್ಲೂ, ಅಂದರೆ ಕರುಳಿನ ಚೂರು ತೆಗೆದು ಪರೀಕ್ಷಿಸಿದರೂ, ಬೇರೆ ಮಾಡುವುದು ಕೆಲವು ಸಲ ಕಷ್ಟ, ಹೆಚ್ಚಿನ ಪರೀಕ್ಷೆಗೆ ಕಳಿಸಬೇಕಾಗುತ್ತದೆ. ಎಂಡೋಸ್ಕೋಪಿಯಲ್ಲಿ ಒಳಪದರದ ಚೂರು ಮಾತ್ರ ಸಿಗುತ್ತದೆ, ಹೊಟ್ಟೆ ತೆರೆದು ತೆಗೆದರೆ ಗೋಡೆಯ ಪೂರ್ತಿ ದಪ್ಪ ಸಿಗುತ್ತದೆ. ಬೆಕ್ಕು ಆಪರೇಷನ್ ತಡೆಯುತ್ತದಾ ಅನ್ನುವುದರ ಮೇಲೆ ತೀರ್ಮಾನ.

ಲಿಂಫೋಮಾ ಅಂದ ಕೂಡಲೇ ಕೈಚೆಲ್ಲಬೇಡಿ. ಸಣ್ಣ ಜೀವಕೋಶದ ಬಗೆ ನಿಧಾನ. ಮನೆಯಲ್ಲೇ ಕೊಡುವ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮತ್ತು ಕ್ಯಾನ್ಸರಿನ ಮದ್ದು ಕ್ಲೋರಾಂಬುಸಿಲ್ ಮಾತ್ರೆಗಳಲ್ಲಿ ಎರಡು ವರ್ಷ, ಅದಕ್ಕೂ ಜಾಸ್ತಿ ಚೆನ್ನಾಗಿ ಬದುಕಿದ ಬೆಕ್ಕುಗಳು ಬಹಳ ಇವೆ. ಕ್ಲೋರಾಂಬುಸಿಲ್ ಮಾತ್ರೆಯನ್ನು ಮುರಿಯಬೇಡಿ, ಗ್ಲೌಸ್ ಹಾಕಿಕೊಂಡು ಕೊಡಿ. ದೊಡ್ಡ ಜೀವಕೋಶದ ಬಗೆ ಮಾತ್ರ ಬೇಗ ಬೆಳೆಯುತ್ತದೆ.

ಸ್ಟೀರಾಯ್ಡ್ ಕೊಟ್ಟು ನೋಡೋಣ ಅಂತಾರೆ. ಒಪ್ಪಲಾ?

ಮೂರು ವಿಷಯ ಕೇಳಿ ಒಪ್ಪಿ. ಹುಳ ಮತ್ತು ಆಹಾರದ ಪ್ರಯೋಗ ಆಗಿದೆಯಾ? ಬಯಾಪ್ಸಿ ಮಾಡಿಸುವ ಯೋಚನೆ ಇದೆಯಾ? ಇದ್ದರೆ, ಸ್ಟೀರಾಯ್ಡ್ ಮುಂಚೆ ಕೊಟ್ಟರೆ ಲಿಂಫೋಮಾ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡಿದ್ದಾರಾ? ಬಯಾಪ್ಸಿಗೆ ದುಡ್ಡಿಲ್ಲ, ಬೆಕ್ಕಿಗೆ ಶಕ್ತಿ ಇಲ್ಲ ಅನ್ನುವ ಮನೆಗಳಲ್ಲಿ ನೇರ ಸ್ಟೀರಾಯ್ಡ್ ಕೊಡುವುದು ತಪ್ಪೂ ಅಲ್ಲ, ನಾಚಿಕೆಯೂ ಅಲ್ಲ. ಬೆಕ್ಕಿಗೆ ಪ್ರೆಡ್ನಿಸೊಲೋನೇ ಬೇಕು, ಪ್ರೆಡ್ನಿಸೋನ್ ಅದರ ಮೈಯಲ್ಲಿ ಸರಿಯಾಗಿ ಬದಲಾಗುವುದಿಲ್ಲ. ಹುಷಾರಾಯಿತು ಅಂತ ಒಮ್ಮೆಲೇ ನಿಲ್ಲಿಸಬೇಡಿ.

ಹೊಟ್ಟೆಯಲ್ಲಿ ನೀರು ತುಂಬಿದೆ, ಎಫ್‌ಐಪಿ ಅಂದ್ರು. ಮುಗೀತಾ?

ಮುಗಿದಿಲ್ಲ. ಹತ್ತು ವರ್ಷದ ಹಿಂದೆ ಈ ಉತ್ತರ ಬೇರೆ ಇರುತ್ತಿತ್ತು. ಎಫ್‌ಐಪಿ ಬೆಕ್ಕಿನ ಕರುಳಿನ ಮಾಮೂಲಿ ಕೊರೊನಾ ವೈರಸ್ ಕೆಲವು ಬೆಕ್ಕುಗಳ ಮೈಯೊಳಗೆ ರೂಪ ಬದಲಿಸಿ ತರುವ ಕಾಯಿಲೆ. ಮನುಷ್ಯರ ಕೋವಿಡ್ ಬೇರೆ, ಇದು ನಮಗೆ ಅಂಟುವುದಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನ ನೀಲ್ಸ್ ಪೆಡರ್ಸನ್ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಎಸ್-441524 ಅನ್ನುವ ಔಷಧಿ ಕೊಟ್ಟ 31 ಬೆಕ್ಕುಗಳಲ್ಲಿ ಬಹುಪಾಲು ಬದುಕಿದವು. 84 ದಿನದ ಚಿಕಿತ್ಸೆ ರೂಢಿಗೆ ಬಂದದ್ದು ಹಾಗೆ. ಇಲ್ಲೂ ಇದರಿಂದ ಎದ್ದು ಓಡಾಡುತ್ತಿರುವ ಬೆಕ್ಕುಗಳಿವೆ. ಖರ್ಚು ಜಾಸ್ತಿ, ಆದರೆ ದಿನ ಕಳೆದಷ್ಟೂ ಕಷ್ಟ ಜಾಸ್ತಿ. ನಿಮ್ಮ ಡಾಕ್ಟರ ಹತ್ತಿರ ಇವತ್ತೇ ಮಾತಾಡಿ.

ಪೂರ್ತಿ ಗುಣ ಆಗತ್ತಾ? ಇನ್ನೆಷ್ಟು ದಿನ ಹೀಗೆ ನೋಡ್ಕೊಳ್ಳೋದು?

ಹುಳ, ದಾರ, ಹಾಲು, ಫಿನಾಯಿಲ್ ಕಾರಣವಾಗಿದ್ದರೆ ಅದು ಹೋದ ಮೇಲೆ ಬೆಕ್ಕು ಮೊದಲಿನಂತೆಯೇ ಆಗುತ್ತದೆ. ಆಹಾರ ಒಗ್ಗದ ಬೆಕ್ಕಿಗೆ ಒಗ್ಗುವ ಆಹಾರವೇ ಜೀವನಪೂರ್ತಿ ಮದ್ದು. ಕರುಳಿನ ಉರಿಯೂತವಾದರೆ ಹತೋಟಿ ಅನ್ನುವ ಮಾತು ಸರಿ. ಒಳ್ಳೆಯ ತಿಂಗಳುಗಳ ನಡುವೆ ಕೆಟ್ಟ ವಾರ ಬರುತ್ತದೆ. ಆಗ ನೋಟ್‌ಬುಕ್ ತೆಗೆದು ಹಿಂದಿನ ಕೆಟ್ಟ ವಾರ ಯಾವಾಗಿತ್ತು ಅಂತ ನೋಡಿದರೆ, ನೆನಪು ಹೇಳುವುದಕ್ಕಿಂತ ದೂರದಲ್ಲೇ ಇರುತ್ತದೆ.

ಪುಟ್ಟಿ ಕಳೆದ ಭಾನುವಾರ ತಕ್ಕಡಿಯಲ್ಲಿ 3.9 ಕಿಲೋ ಇದ್ದಳು. ಈಗ ತಕ್ಕಡಿ ತೆಗೆದ ಸದ್ದಿಗೆ ತಾನೇ ಬಂದು ಹತ್ತಿ ಕೂರುತ್ತಾಳೆ.